ಆಲ್ತಾರಿನ ಕೆಳಗಿನ ಡ್ರಾಯರು

ಏಪ್ರಿಲ್ ೧೧, ಶುಕ್ರವಾರ. ಅಲ್ ರೀಮ್ ಐಲ್ಯಾಂಡ್.

ನನ್ನ ಗಂಡ ಕಾನ್ರಾಡ್ ಇವತ್ತು ಆಫೀಸಿನಿಂದ ಬರುವಾಗ ಒಂದು ಚೀಲ ವೇಪ್ ಹೊತ್ತು ತಂದರು. ಈಸ್ಟರಿಗೆ ಮುಂಚಿನ ಈ ತಪಸ್ಸು ಕಾಲ ಮುಗಿಯುವವರೆಗೆ ಆ ಎಲೆಕ್ಟ್ರಾನಿಕ್ ಸಿಗರೇಟನ್ನು ಬಾಯಿಗಿಡುವುದಿಲ್ಲ ಎಂದ ಮನುಷ್ಯ ಇವರೇ. ಸುಳ್ಳಲ್ಲ, ಒಂದು ದಿನವೂ ಮುಟ್ಟಿಲ್ಲ.

"ಊರಿನಲ್ಲಿ ಮಾಡಿದ ಹಾಗೆ ಇಲ್ಲಿ ಅಬುಧಾಬಿಯಲ್ಲೂ ಬ್ಯಾನ್ ಮಾಡ್ತಾರಂತೆ ಮಾರಾಯ್ತಿ. ಈಸ್ಟರ್ ಆದ ಮೇಲೆ ಸಿಗದಿದ್ರೆ ಏನು ಮಾಡುದು?"

ಚೀಲವನ್ನು ಮನೆಯ ದೇವರ ಪೀಠವಾದ ಆಲ್ತಾರಿನ ಕೆಳಗೆ, ಮೇಣದಬತ್ತಿಯ ಡ್ರಾಯರಿನಲ್ಲಿ ಇಟ್ಟರು. ಯೇಸುವಿನ ಕಣ್ಣೆದುರು ಇದ್ದರೆ ಈಸ್ಟರಿಗೆ ಮೊದಲು ಕೈ ಹೋಗುವುದಿಲ್ಲವಂತೆ.

ಇಷ್ಟು ದಿನ ಬಿಟ್ಟಿರಲು ಆದವರಿಗೆ ಆಮೇಲೆ ಯಾಕೆ ಬೇಕು? ಮಾತು ಬಾಯಿಗೆ ಬಂತು. ನುಂಗಿಕೊಂಡು ಬಂಗುಡೆ ಮೀನು ಕೊಯ್ದೆ. ಈ ತಪಸ್ಸು ಕಾಲಕ್ಕೆ ನಾನು ಬಿಟ್ಟದ್ದು ಅವರಿಗೆ ಬೈಯುವುದನ್ನು. ಮಾಂಸ ಬಿಡುವುದು ಇದಕ್ಕಿಂತ ಸುಲಭ.

ಸಂಜೆ ಅದೇ ಆಲ್ತಾರಿನ ಮುಂದೆ ಮೊಣಕಾಲೂರಿದೆ. ಬ್ಯಾನ್ ಆಗಿಯೇ ಬಿಡಲಿ ದೇವರೇ ಎಂದು ಬೇಡಲು ಹೊರಟವಳಿಗೆ ಅವರ ಹಳೆಯ ಕೆಮ್ಮು ನೆನಪಾಯಿತು. ಸಿಗರೇಟು ಸೇದುತ್ತಿದ್ದ ಕಾಲದಲ್ಲಿ ದಿಂಬಿಗೆ ಒರಗಿ ಕೂತು, ಕೆಮ್ಮುತ್ತಲೇ ಬೆಳಗು ಮಾಡುತ್ತಿದ್ದರು. ಆ ಸಿಗರೇಟನ್ನು ಬಿಡಿಸಿದ್ದು ನನ್ನ ಬೈಗಳಲ್ಲ, ಈ ಹಾಳು ವೇಪ್. ಇದೂ ಸಿಗದಿದ್ದರೆ ಪುನಃ ಸಿಗರೇಟಿಗೇ ಹೋಗುತ್ತಾರೆ. ಸಿಗರೇಟನ್ನು ಬ್ಯಾನ್ ಮಾಡುವ ಸುದ್ದಿ ಎಲ್ಲಿಯೂ ಇಲ್ಲ.

ಏನು ಬೇಡಬೇಕೆಂದು ತಿಳಿಯದೆ ಬರೀ ಶಿಲುಬೆ ಗುರುತು ಮಾಡಿ ಎದ್ದೆ.

ಈಸ್ಟರಿಗೆ ಇಬ್ಬರ ಹರಕೆಯೂ ಮುಗಿಯುತ್ತದೆ. ಅವತ್ತು ಅವರ ಕೈ ಡ್ರಾಯರಿಗೆ ಮೊದಲು ಹೋಗುತ್ತದೋ, ನನ್ನ ಬಾಯಿ ಮೊದಲು ತೆರೆಯುತ್ತದೋ ನೋಡಬೇಕು.