ಕಣಿಗೆಂದು ತೊಳೆದ ಮುತ್ತು

ಉರ್ವ, ಮಂಗಳೂರು
6-5-2024, ಸೋಮವಾರ

ಪ್ರೀತಿಯ ಮಾಮಿ,

ಹೇಗಿದ್ದೀರಿ? ಮೊಣಕಾಲಿನ ನೋವು ಕಡಿಮೆಯಾಯಿತೇ? ಕಿನ್ನಿಯ ಮನೆಯ ಮೆಟ್ಟಿಲು ಎತ್ತರ, ಇಳಿಯುವಾಗ ಗೋಡೆ ಹಿಡಿದುಕೊಳ್ಳಿ. ಪ್ರೆಶರಿನ ಮಾತ್ರೆ ಬೆಳಿಗ್ಗೆ ತಿಂಡಿಯಾದ ಕೂಡಲೇ ತೆಗೆದುಕೊಳ್ಳಬೇಕು. ಕಿನ್ನಿಗೂ ಹೇಳಿದ್ದೇನೆ, ಆದರೆ ಅವಳು ನಿಮ್ಮ ಮಗಳು, ನೀವು "ತಿಂದಾಯ್ತು" ಎಂದರೆ ನಂಬಿಬಿಡುತ್ತಾಳೆ. ನಾನು ಸೊಸೆ, ಮಾತ್ರೆಯ ಖಾಲಿ ಸ್ಟ್ರಿಪ್ ನೋಡದೆ ನಂಬುವವಳಲ್ಲ. ಇಲ್ಲಿ ಸೆಕೆ ತಡೆಯಲಾಗುತ್ತಿಲ್ಲ. ಅಲ್ಲಿ ವಾಮಂಜೂರಿನಲ್ಲಿ ಸಂಜೆ ಗದ್ದೆಯ ಕಡೆಯಿಂದ ಗಾಳಿಯಾದರೂ ಬೀಸುತ್ತಿರಬಹುದು. ನಿಮ್ಮ ಮಗ ಚೆನ್ನಾಗಿದ್ದಾರೆ. ಅಂಗಡಿಯಿಂದ ಬಂದವರು ಮೊದಲು ನಿಮ್ಮ ಕೋಣೆಯ ಬಾಗಿಲಿಗೆ ಹೋಗಿ, ಆಮೇಲೆ ನೆನಪಾಗಿ ತಿರುಗಿ ಬರುತ್ತಾರೆ.

ಫೋನ್ ಇರುವಾಗ ಕಾಗದ ಯಾಕೆ ಎಂದು ಕೇಳುವಿರಿ. ಫೋನಿನಲ್ಲಿ ನಿಮಗೆ ಸರಿಯಾಗಿ ಕೇಳುವುದಿಲ್ಲ, ಕೇಳದಿದ್ದಕ್ಕೆಲ್ಲ "ಆಯ್ತು, ಆಯ್ತು" ಎಂದು ಮುಗಿಸಿಬಿಡುತ್ತೀರಿ. ಕಾಗದಕ್ಕೆ ಹಾಗೆ ಹೇಳಿ ತಪ್ಪಿಸಿಕೊಳ್ಳಲಾಗುವುದಿಲ್ಲ. ಇಷ್ಟು ವರ್ಷ ನಾವು ಜಗಳವಾಡಿದ್ದೂ ನಕ್ಕದ್ದೂ ತುಳುವಿನಲ್ಲಿ, ಬರೆಯಲು ಕುಳಿತರೆ ಮಾತ್ರ ನನಗೆ ಕನ್ನಡವೇ ಬರುತ್ತದೆ. ಓದುವಾಗ ಸ್ವಲ್ಪ ದೂರದವಳಂತೆ ಕಂಡರೆ ಅದು ಶಾಲೆ ಕಲಿಸಿದ ಭಾಷೆಯದ್ದು, ನನ್ನದಲ್ಲ.

ನಿನ್ನೆ ಕಿನ್ನಿ ಮಾತಾಡಿದಳು. ನೀವು ಇನ್ನು ಅಲ್ಲೇ ಇರುತ್ತೀರಂತೆ, ಬಟ್ಟೆಬರೆಯನ್ನೆಲ್ಲ ಕಳಿಸಿಕೊಡಬೇಕಂತೆ. ಅದನ್ನು ಕೇಳಿ ನನಗೆ ಬೇಸರವಾದದ್ದು ಹೌದು. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಅವಳ ಇನ್ನೊಂದು ಮಾತು: "ಅತ್ತಿಗೆ, ಅಮ್ಮ ಒಂದು ಲೋಟ ತೊಳೀಲಿಕ್ಕೂ 'ಇದನ್ನು ಮುಟ್ಟಬಹುದಾ' ಅಂತ ಕೇಳ್ತಾರೆ. ನನ್ನ ಅಮ್ಮನೇ ಹೌದಾ ಅಂತ ಸಂಶಯ ಬರ್ತದೆ." ಇಡೀ ಮನೆಯ ಪಾತ್ರೆಪಗಡೆಯ ಮೇಲೆ ರಾಜ್ಯಭಾರ ಮಾಡಿದವರು ನೀವು. ಹಾಗಾಗಿ ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ, ನಿಮಗೆ ಗೊತ್ತಿರುವುದನ್ನೂ ಸೇರಿಸಿ. ಯಾಕೆಂದರೆ ನಿಮಗೆ ಗೊತ್ತಿರುವುದು ಅರ್ಧ ಮಾತ್ರ. ನನಗೂ ನಿನ್ನೆಯವರೆಗೆ ಅರ್ಧವೇ ಗೊತ್ತಿತ್ತು.

ಕಾಲೇಜಿನ ಅತಿಥಿ ಉಪನ್ಯಾಸಕಿ ಕೆಲಸ ನಿಂತು ನಾನು ಊಟದ ಮೇಜಿನ ಮೇಲೆ ಹಳೆಯ ವೆಲ್ವೆಟ್ ತುಂಡು ಹಾಸಿ ಮುತ್ತು ಪೋಣಿಸಲು ಕುಳಿತ ದಿನ ನೀವು ಹೇಳಿದ್ದು ನೆನಪುಂಟಲ್ಲ? "ಎಂ.ಎ. ಮಾಡಿದ್ದು ಮಣಿ ಪೋಣಿಸ್ಲಿಕ್ಕಾ?" ಮಣಿಯಲ್ಲ ಮಾಮಿ, ಮುತ್ತು ಎಂದೆ. ಸಮುದ್ರದ್ದಲ್ಲ, ಕೆರೆಯ ಸಿಹಿನೀರಿನಲ್ಲಿ ಚಿಪ್ಪು ಸಾಕಿ ಬೆಳೆಸಿದ್ದು, ಅದಕ್ಕೇ ಕಡಿಮೆ ಕ್ರಯ, ಆದರೆ ಅಸಲಿ ಮುತ್ತೇ ಎಂದು ವಿವರಿಸಿದೆ. ನೀವು ಕನ್ನಡಕ ಸರಿಪಡಿಸಿಕೊಂಡು ನೋಡಿ, "ಹೌದಾ, ಒಳ್ಳೆ ಮಣಿ" ಎಂದಿರಿ. ಹಾಗೆಂದವರೇ ಮರುದಿನ ಮಧ್ಯಾಹ್ನ ಗೆರಸೆ ಹಿಡಿದುಕೊಂಡು ಬಂದು ನನ್ನ ಎದುರು ಕುಳಿತಿರಿ. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಗೆರಸೆಯಲ್ಲಿ ಮುತ್ತು ಹರಡಿ, ವಕ್ರವಾದದ್ದನ್ನೆಲ್ಲ ಬದಿಗೆ ಸರಿಸುತ್ತ, ಹೆಣ್ಣು ನೋಡಲು ಬಂದವರ ಹಾಗೆ ಒಂದೊಂದಕ್ಕೂ ಕೊಂಕು ತೆಗೆಯುತ್ತಿದ್ದಿರಿ. ಇದಕ್ಕೆ ಸೊಂಟವೇ ಇಲ್ಲ, ಇದರ ಮೂಗು ಉದ್ದ, ಇದು ಪಾಪ, ಬಣ್ಣ ಉಂಟು ಗುಣ ಇಲ್ಲ. ನಾನು ಕೆಂಪು ಗಾರ್ನೆಟ್‌ಗಳನ್ನೂ ನೇರಳೆ ಕಲ್ಲುಗಳನ್ನೂ ನಡುನಡುವೆ ಸೇರಿಸಿ, ಪ್ರತಿ ಮುತ್ತಿನ ನಂತರ ರೇಷ್ಮೆ ದಾರಕ್ಕೆ ಒಂದು ಗಂಟು ಹಾಕುತ್ತಿದ್ದೆ. ದಾರ ತುಂಡಾದರೂ ಸರವೆಲ್ಲ ಚೆಲ್ಲಿಹೋಗಬಾರದೆಂದು ಆ ಗಂಟು. ಕಣ್ಣು ಸೋತಾಗ ಕವಿತೆಯ ಪುಸ್ತಕ ತೆರೆದರೆ ಅದಕ್ಕೂ ನಿಮ್ಮ ಮಾತು ತಪ್ಪುತ್ತಿರಲಿಲ್ಲ: "ಎಂತ ಮಾರಾಯ್ತಿ ಇದು, ನಾಲ್ಕು ಗೆರೆ ಬರೆದು ಒಂದು ಪುಟ ಹಾಳು ಮಾಡಿದ್ದಾರೆ." ಆ ಮಧ್ಯಾಹ್ನಗಳಲ್ಲಿ ನನಗೆ ಸಿಕ್ಕಿದಷ್ಟು ನೆಮ್ಮದಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಎಂದೂ ಸಿಕ್ಕಿರಲಿಲ್ಲ.

ಹಿತ್ತಿಲಿನಾಚೆ ಮನೆಯ ಬ್ರೆಂಡಾ ಬಾಯಿ ಮಗಳು ಡ್ಯಾಫ್ನಿಯ ಮದುವೆಗೆ ಮೂರೆಳೆ ಸರ ಕೇಳಿದ್ದು ಮಾರ್ಚಿನಲ್ಲಿ. ಚಿನ್ನದ ಈಗಿನ ಕ್ರಯದಲ್ಲಿ ಅವರಿಗೆ ಸಾಧ್ಯವಿರಲಿಲ್ಲ, ಬಿಳಿ ಗೌನಿಗೆ ಮುತ್ತೇ ಚೆಂದ ಎಂದು ಡ್ಯಾಫ್ನಿಯೂ ಹಟ ಹಿಡಿದಿದ್ದಳು. ನಾನು ಹೇಳಿದ ಕ್ರಯ ಕೇಳಿದ ದಿನದಿಂದ ಬ್ರೆಂಡಾ ಬಾಯಿಗೆ ನಿದ್ರೆ ಇಲ್ಲ. ಕಡಿಮೆಯಾಯಿತೆಂಬುದೇ ಅವರ ಚಿಂತೆ. ಒಂದು ದಿನ ಬಂದು, ಯಾರೋ ಹೇಳಿಕೊಟ್ಟ ಪರೀಕ್ಷೆಯೆಂದು ನನ್ನೆದುರಿಗೇ ಒಂದು ಮುತ್ತನ್ನು ಹಲ್ಲಿಗೆ ಉಜ್ಜಿ ನೋಡಿದರು. ತರಿತರಿ ಎಂದರೆ ಅಸಲಿ ಅಂತೆ. ಉಜ್ಜಿದ್ದು ಕಟ್ಟಿಸಿದ ಹಲ್ಲಿಗಾದ್ದರಿಂದ ಅವರಿಗೆ ಏನೂ ತಿಳಿಯಲಿಲ್ಲ. "ಜಯಕ್ಕ, ಬೇಜಾರ ಮಾಡ್ಬೇಡಿ. ನಾಳೆ ಗಂಡಿನ ಕಡೆಯವರು ಪ್ಲಾಸ್ಟಿಕ್ ಅಂತ ಹೇಳಿದ್ರೆ ನಾನು ಎಲ್ಲಿ ಮುಖ ಇಡುವುದು?" ಎಂದರು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೀವು ಅದನ್ನು ಕೇಳಿಸಿಕೊಂಡಿರಿ, ಏನೂ ಹೇಳಲಿಲ್ಲ. ನೀವೂ ಅವರ ಪಕ್ಷವೇ ಎಂದುಕೊಂಡೆ.

ಆಮೇಲೆ ಬಿಸು ಹಬ್ಬದ ಹಿಂದಿನ ದಿನ. ಪ್ರತಿ ವರ್ಷದಂತೆ ಹಿತ್ತಿಲಿನ ಮರದಿಂದ ಬಿಂಬುಳಿ ಕೊಯ್ದು ತಂದು, ಆ ಹುಳಿಕಾಯಿಯನ್ನು ಜಜ್ಜಿ ಬೇಸಿನ್ನಿಗೆ ಹಾಕಿ, ದೀಪ, ಹರಿವಾಣ, ಗಿಂಡಿ ಎಲ್ಲ ಅದರಲ್ಲಿ ನೆನೆಹಾಕಿದಿರಿ. ನಾನು ಪೇಟೆಗೆ ಹೋಗಿದ್ದೆ. ಮೇಜಿನ ಮೇಲೆ ಡ್ಯಾಫ್ನಿಯ ಸರ ಕೊಕ್ಕೆ ಹಾಕಿ ಸಿದ್ಧವಾಗಿತ್ತು. ಅದರ ಬಣ್ಣ ಕೆನೆಯದ್ದು, ಹುಟ್ಟಿನಿಂದಲೇ ಹಾಗೆ. ನಿಮಗೆ ಅದು ಕೊಳೆಯಾಗಿ ಕಂಡಿತು, ಅದನ್ನೂ ಬೇಸಿನ್ನಿಗೆ ಇಳಿಸಿದಿರಿ. ನಾನು ಹಿಂದಿರುಗಿದಾಗ ದೀಪ ಬಂಗಾರದಂತೆ ಹೊಳೆಯುತ್ತಿತ್ತು, ಸರ ಮಾತ್ರ ಸುಣ್ಣ ಬಳಿದಂತೆ ಬೆಳ್ಳಗೆ ಸತ್ತುಹೋಗಿತ್ತು. ನೀವು ಅದನ್ನು ಅಂಗೈಯಲ್ಲಿಟ್ಟು ತಂದು, "ಜಯಾ, ಇದು ಎಂತದೋ ಆಯ್ತು ನೋಡು" ಎಂದಿರಿ. ನನಗೆ ಸಿಟ್ಟು ಬಂತು, ಅದು ನಿಮಗೂ ಕಂಡಿರಬೇಕು. ನಾನು ಒಳಗೆ ಹೋಗಿ ಬೇಕಾದ್ದಕ್ಕಿಂತ ಹೆಚ್ಚು ತರಕಾರಿ ಹೆಚ್ಚಿದೆ. ಬಿಸುವಿನ ದಿನ ಪಾಯಸವನ್ನೂ ಸರಿಯಾಗಿ ತಿನ್ನದೆ, ಊಟಕ್ಕೆ ಬಂದಿದ್ದ ಕಿನ್ನಿಯ ಜೊತೆ ನೀವು ಚೀಲ ಹಿಡಿದು ಹೊರಟಿರಿ. ನಾಲ್ಕು ದಿನ ಇದ್ದು ಬರುತ್ತೇನೆ ಎಂದಿದ್ದಿರಿ.

ಇಲ್ಲಿಯವರೆಗಿನದ್ದು ನಿಮಗೆ ಗೊತ್ತು. ಮುಂದಿನದ್ದು ಕೇಳಿ. ಮರುದಿನ ನಾನು ಹಾಳಾದ ಸರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬ್ರೆಂಡಾ ಬಾಯಿಯಲ್ಲಿಗೆ ಹೋದೆ. ಸುಳ್ಳು ಹೇಳುವ ದಾರಿ ಇರಲಿಲ್ಲ. ಆದದ್ದು ಹೇಳಿ ಮುಗಿಸುವುದರೊಳಗೆ ಅವರು ಶಿಲುಬೆಯ ಗುರುತು ಮಾಡಿಕೊಂಡು, "ನಾನು ಹೇಳ್ಲಿಲ್ವಾ, ಪೈಂಟ್ ಹೋಗಿದೆ, ಪ್ಲಾಸ್ಟಿಕ್ಕೇ" ಎಂದರು. ಆಗ ಎದ್ದುಬಂದವಳು ಡ್ಯಾಫ್ನಿ. ಅವಳು ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಕೆಲಸ ಮಾಡುವವಳಲ್ಲವೇ? ನಮ್ಮ ಮರದ್ದೇ ಬಿಂಬುಳಿ ತರಿಸಿ, ಗಾಜಿನ ಬಟ್ಟಲಿಗೆ ರಸ ಹಿಂಡಿ, ಬದಿಗೆ ಉಳಿದಿದ್ದ ನನ್ನ ಒಂದು ಒಳ್ಳೆಯ ಮುತ್ತನ್ನೂ, ಅಮ್ಮನ ಹಳೆಯ ಕಿವಿಯೋಲೆಯ ಒಂದು ಮುತ್ತನ್ನೂ ಒಟ್ಟಿಗೆ ಅದಕ್ಕೆ ಹಾಕಿದಳು. ಆ ಓಲೆ ಬ್ರೆಂಡಾ ಬಾಯಿಯ ಮದುವೆಯದ್ದು, ಅತ್ತೆ ಕೊಟ್ಟದ್ದು. ನಾವು ಮೂವರೂ ಚಾ ಕುಡಿಯುತ್ತ ಬಟ್ಟಲು ನೋಡುತ್ತ ಕುಳಿತೆವು. ನನ್ನ ಮುತ್ತಿನ ಸುತ್ತ ಸಣ್ಣ ಸಣ್ಣ ಗುಳ್ಳೆಗಳೆದ್ದವು, ಸ್ವಲ್ಪ ಹೊತ್ತಿಗೆ ಅದರ ಹೊಳಪು ಹೋಯಿತು. ಓಲೆಯ ಮುತ್ತು ಮಾತ್ರ ಸ್ನಾನಕ್ಕೆ ಇಳಿದ ಹಾಗೆ ಥಳಥಳ ಹೊಳೆಯುತ್ತ ಕುಳಿತಿತ್ತು. ಡ್ಯಾಫ್ನಿ ಮೆಲ್ಲನೆ ಹೇಳಿದಳು: "ಹುಳಿ ಬಿದ್ರೆ ಹಾಳಾಗುವುದು ಅಸಲಿ ಮುತ್ತು, ಮಮ್ಮಿ. ಪ್ಲಾಸ್ಟಿಕ್ಕಿಗೆ ಎಂತ ಆಗ್ತದೆ?" ಬ್ರೆಂಡಾ ಬಾಯಿ ಬಟ್ಟಲಿನಿಂದ ಓಲೆಯ ಮುತ್ತನ್ನು ಎತ್ತಿ ಒರೆಸಿದರು. ಆಮೇಲೆ ತೀರಿಹೋದ ಅತ್ತೆಗೆ ಕೊಂಕಣಿಯಲ್ಲಿ ಏನೋ ಹೇಳಿದರು. ಡ್ಯಾಫ್ನಿ ಅದನ್ನು ನನಗೆ ಕನ್ನಡದಲ್ಲಿ ಹೇಳಲು ಒಪ್ಪಲಿಲ್ಲ.

ಹೊಸ ಮುತ್ತು ಹೈದರಾಬಾದಿನಿಂದ ಕೊರಿಯರಿನಲ್ಲಿ ಬರುವಷ್ಟು ಸಮಯವಿರಲಿಲ್ಲ. ತೊಕ್ಕೊಟ್ಟಿನಲ್ಲಿ ಸುಲೈಮಾನ್ ಎಂಬವರ ಮಣಿಯಂಗಡಿಯಲ್ಲಿ ಅಂಥದ್ದೇ ಬಣ್ಣ ಸಿಕ್ಕಿತು. ನಿಮ್ಮ ಗೆರಸೆಯಲ್ಲಿ ನಾನೊಬ್ಬಳೇ ಆರಿಸಿದೆ. ಮೂಗು ಉದ್ದದ್ದು ಒಂದೆರಡು ಕಣ್ಣು ತಪ್ಪಿಸಿ ಒಳಗೆ ಸೇರಿವೆ, ಅದನ್ನು ಕಾಣುವವರು ನೀವೊಬ್ಬರೇ. ಪೋಣಿಸುವಾಗ ಡ್ಯಾಫ್ನಿ ಒಂದು ಬೇಡಿಕೆ ಇಟ್ಟಳು: ಬಿಂಬುಳಿಯಲ್ಲಿ ಹೊಳಪು ಹೋದ ಒಂದು ಮುತ್ತನ್ನು ಹಿಂದೆ, ಕೊಕ್ಕೆಯ ಪಕ್ಕ ಸೇರಿಸಬೇಕು. ಕೇಳಿದವರಿಗೆ ತೋರಿಸಲಿಕ್ಕೆ. ಸೇರಿಸಿದೆ. ಮದುವೆಯ ಹಾಲ್‌ನಲ್ಲಿ ಗಂಡಿನ ಕಡೆಯವರಲ್ಲಿ ಯಾರೂ ಪ್ಲಾಸ್ಟಿಕ್ಕಾ ಎಂದು ಕೇಳಲೇ ಇಲ್ಲ, ಅದೇ ಬ್ರೆಂಡಾ ಬಾಯಿಗೆ ದೊಡ್ಡ ನಿರಾಸೆ. ಕೊನೆಗೆ ತಾವೇ ಒಬ್ಬೊಬ್ಬರನ್ನು ಕರೆದು, ಮದುಮಗಳ ವೇಲ್ ಎತ್ತಿ, ಕುತ್ತಿಗೆಯ ಹಿಂಭಾಗ ತೋರಿಸಿ ಕಥೆ ಹೇಳತೊಡಗಿದರು. "ಮಮ್ಮಿ, ಫಾದರ್ ನೋಡ್ತಾ ಇದ್ದಾರೆ" ಎಂದು ಡ್ಯಾಫ್ನಿ ಹಲ್ಲು ಕಚ್ಚಿಕೊಂಡು ನಗುತ್ತಿದ್ದಳು. ಫಾದರರಿಗೂ ತೋರಿಸಿದರು. ಈಗ ಇಗರ್ಜಿಯ ಗಾಯನ ತಂಡದ ಹೆಂಗಸರು ಇಬ್ಬಿಬ್ಬರಾಗಿ ನಮ್ಮ ಮನೆಗೆ ಬರುತ್ತಿದ್ದಾರೆ. ಹಾಳಾದ ಮುತ್ತುಗಳನ್ನು ಒಂದು ಸಣ್ಣ ತಟ್ಟೆಯಲ್ಲಿಟ್ಟಿದ್ದೇನೆ. ಹೊಸ ಸರ ನೋಡುವ ಮೊದಲು ಅವರು ಕೇಳುವುದು, "ಮಾಮಿಯ ಮುತ್ತು ಎಲ್ಲಿ?" ಎಂದು.

ನಿಮ್ಮಿಂದ ಒಳ್ಳೆಯದೇ ಆಯಿತು ಎಂದು ಬಣ್ಣ ಹಚ್ಚಿ ಬರೆಯುತ್ತಿಲ್ಲ. ಹಾಳಾದ ಮುತ್ತು ಹಾಳಾದದ್ದೇ, ಅದರ ಹೊಳಪು ಇನ್ನು ಬರುವುದಿಲ್ಲ. ಮುತ್ತಿನ ಹೊಳಪೆಂದರೆ ಮೇಲೆ ಬಳಿದದ್ದಲ್ಲ, ಚಿಪ್ಪಿನೊಳಗಿನ ಜೀವ ತನ್ನ ನೋವಿನ ಸುತ್ತ ಪದರ ಪದರವಾಗಿ ಕಟ್ಟಿಕೊಂಡದ್ದು. ಹಾಗಿರುವುದಕ್ಕೇ ಅದಕ್ಕೆ ಹುಳಿ ತಾಗುತ್ತದೆ. ಇದನ್ನು ಬರೆಯುತ್ತಿರುವಾಗ ನನಗೆ ನೀವೇ ನೆನಪಾಗುತ್ತಿದ್ದೀರಿ.

ನನಗೆ ಗೊತ್ತಿಲ್ಲದ ಅರ್ಧವನ್ನು ಕಿನ್ನಿ ನಿನ್ನೆ ಹೇಳಿದಳು. ನೀವು ಆ ಸರವನ್ನು ದೀಪದ ಜೊತೆ ತೊಳೆದದ್ದು ಬಿಸು ಕಣಿಗೆ ಇಡಲಿಕ್ಕಂತೆ. ವರ್ಷದ ಮೊದಲ ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ಕಾಣಬೇಕಾದ ಕಣಿಯಲ್ಲಿ, ಅಕ್ಕಿ, ತೆಂಗಿನಕಾಯಿ, ಕನ್ನಡಿ, ನಿಮ್ಮ ಅಮ್ಮನ ಚಿನ್ನದ ಸರ, ಇವುಗಳ ಮಧ್ಯೆ ಅದನ್ನೂ ಇಡಬೇಕೆಂದಿದ್ದಿರಂತೆ. "ಜಯನ ಮುತ್ತು" ಎಂದೇ ಹೇಳಿದಿರಂತೆ, ಕಿನ್ನಿಯನ್ನು ಎರಡು ಸಲ ಕೇಳಿದೆ. ಬ್ರೆಂಡಾ ಬಾಯಿ ಪ್ಲಾಸ್ಟಿಕ್ ಎಂದ ದಿನ ನೀವು ಬಾಗಿಲಲ್ಲಿ ಸುಮ್ಮನೆ ನಿಂತದ್ದು ಯಾಕೆಂದು ಈಗ ತಿಳಿಯಿತು: ಉತ್ತರವನ್ನು ಕಣಿಯಲ್ಲಿ ಇಡಬೇಕೆಂದಿದ್ದಿರಿ. ಇಷ್ಟನ್ನು ನೀವು ಆ ಸಂಜೆಯೇ ಹೇಳಿದ್ದರೆ ನಾನು ಅಷ್ಟು ತರಕಾರಿ ಹೆಚ್ಚುತ್ತಿರಲಿಲ್ಲ.

ಕಿನ್ನಿಗೂ ಅವಳ ಮನೆಯವರಿಗೂ ನನ್ನ ನೆನಪು ತಿಳಿಸಿ. ಕಾಲಿಗೆ ರಾತ್ರಿ ಎಣ್ಣೆ ಹಚ್ಚಿಸಿಕೊಳ್ಳಿ, ಸಂಕೋಚ ಬೇಡ, ಮಗಳಲ್ಲವೇ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ.

ನಿಮ್ಮ ಪಾದಗಳಿಗೆ ನಮಸ್ಕರಿಸುವ,
ಜಯ

ಲಕೋಟೆ ಅಂಟಿಸುವ ಮೊದಲು: ಈ ಭಾನುವಾರ ನಿಮ್ಮನ್ನು ಕರೆದುಕೊಂಡು ಹೋಗಲು ನಾನು ಬರುತ್ತೇನೆ, ಒಬ್ಬಳೇ. ನಿಮ್ಮ ಮಗ ತಾನೂ ಬರುತ್ತೇನೆ ಎಂದರು, ಬೇಡ ಎಂದೆ. ಅವರು ಬಂದರೆ ಮಗನ ಮುಖ ನೋಡಿ ನೀವು ಎದ್ದು ಹೊರಟುಬಿಡುತ್ತೀರಿ, ಅದು ನನಗೆ ಸಾಲದು. ಸೊಸೆ ಮುನಿಸಿಕೊಂಡು ತವರಿಗೆ ಹೋಗಿ ಕುಳಿತರೆ ಕರೆತರಲು ಹಿರಿಯರು ಹೋಗುವ ಕ್ರಮ ನಮ್ಮಲ್ಲಿ ಉಂಟು. ಮಾಮಿ ಮಗಳ ಮನೆಗೆ ಹೋಗಿ ಕುಳಿತರೆ ಯಾರು ಹೋಗಬೇಕೆಂದು ಯಾರೂ ಹೇಳಿದ್ದಿಲ್ಲ, ಸೊಸೆಯೇ ಹೋಗಬೇಕೆಂದು ನಾನು ಕ್ರಮ ಮಾಡಿದ್ದೇನೆ. ಬರುವುದಿಲ್ಲ ಎಂದರೆ ಒತ್ತಾಯವಿಲ್ಲ. ಕಿನ್ನಿ ಕೊಟ್ಟ ಚಾ ಕುಡಿದು ಹಿಂದಿರುಗುತ್ತೇನೆ, ಅದರ ಮುಂದಿನ ಭಾನುವಾರ ಪುನಃ ಬರುತ್ತೇನೆ. ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ವಾಮಂಜೂರಿಗೆ ಬಸ್ಸು ಬೇಕಾದಷ್ಟು ಉಂಟು.