ಜೂನ್ ತಿಂಗಳ ಎಳ್ಳು

ಪಿಯಾರಾ ವಾಟರ್ಸ್, ಪರ್ತ್
ಜೂನ್ 14

ಕಸ್ತೂರಕ್ಕಾ,

‘ಪ್ರೀತಿಯ’ ಎಂದು ಶುರುಮಾಡಲು ಹೊರಟೆ, ಕೈ ಬರಲಿಲ್ಲ. ಪತ್ರ ಮುಗಿಯುವ ಹೊತ್ತಿಗೆ ಬಂದರೆ ಅಲ್ಲೇ ಸೇರಿಸುತ್ತೇನೆ.

ಹೋದ ಭಾನುವಾರ ಮನೆಯ ಗ್ರೂಪಿಗೆ ನೀನು ಹಾಕಿದ ಮೆಸೇಜು ನನಗೆ ಇನ್ನೂ ಅರಗಿಲ್ಲ. "ಸಂಕ್ರಾಂತಿ ಜನವರಿಯಲ್ಲೇ. ಜೂನ್‌ನಲ್ಲಿ ಎಳ್ಳು ಬೀರೋದು ಶಾಸ್ತ್ರಕ್ಕೆ ವಿರುದ್ಧ. ಈ ವರ್ಷ ನಮ್ಮನೇಲಿ ಮಾಡಲ್ಲ." ಕೊನೆಗೊಂದು ಕೈಮುಗಿಯುವ ಚಿತ್ರ ಬೇರೆ. ಈ ಸಲ ನಿನ್ನ ಸರದಿಯೆಂದು ಅಡಿಲೇಡಿಗೆ ನಾನು ಟಿಕೆಟ್ ಮಾಡಿ ಎರಡು ತಿಂಗಳಾಗಿತ್ತು. ಬ್ರಿಸ್ಬೇನಿನಲ್ಲಿ ಪ್ರಶಾಂತಣ್ಣ ರಜೆ ಹಾಕಿಯಾಗಿತ್ತು. ಅವನಿಗೆ ಫೋನ್ ಮಾಡಿ ಕೂಗಾಡಿದರೆ "ಬಿಡೇ, ಅವಳಿಷ್ಟ" ಎಂದ. ಮನೆಗೆ ಬೆಂಕಿ ಬಿದ್ದರೂ ನಮ್ಮಣ್ಣ ಅಷ್ಟೇ ಹೇಳುವುದು.

ಶಾಸ್ತ್ರವಂತೆ. ಈ ಪದ್ಧತಿ ಶುರುವಾದ ದಿನ ನೀನೂ ಇದೇ ಮನೆಯಲ್ಲಿ ಇದ್ದೆಯಲ್ಲ? ಆ ಜನವರಿಯಲ್ಲಿ ನಲವತ್ತು ಡಿಗ್ರಿ ಸೆಕೆಗೆ ಬೆಲ್ಲ ಜಿನುಗಿ, ಸಕ್ಕರೆ ಅಚ್ಚುಗಳೆಲ್ಲ ಒಂದಕ್ಕೊಂದು ಅಂಟಿ, ಎಳ್ಳಿನ ಡಬ್ಬಿಯನ್ನು ಫ್ರಿಜ್ಜಿನಲ್ಲಿಡಬೇಕಾಗಿ ಬಂದಿತ್ತು. ಜೂನ್‌ನಲ್ಲಿ ಊರಿನಿಂದ ಅಮ್ಮ ಬಂದಳು. ವರ್ಷದ ಅತಿ ಗಿಡ್ಡ ಹಗಲು ಐದೂವರೆಗೇ ಮುಗಿದದ್ದನ್ನು ನೋಡಿ, ಎರಡು ಸ್ವೆಟರಿನೊಳಗಿಂದ ಅಂದಳು: "ಎಳ್ಳು ಇರೋದು ಚಳಿಗೆ ಕಣ್ರೇ. ಇಲ್ಲಿ ಚಳಿ ಈಗ, ಸೂರ್ಯ ತಿರುಗೋದೂ ಈಗ. ಮೈಗೆ ಪಂಚಾಂಗ ಓದೋಕೆ ಬರುತ್ತಾ?" ಮರುದಿನವೇ ಎಳ್ಳು ಹುರಿದಳು. ಅಂದಿನಿಂದ ಒಂದು ವರ್ಷ ನಮ್ಮ ಮನೆ, ಒಂದು ವರ್ಷ ಅಣ್ಣನ ಮನೆ, ಒಂದು ವರ್ಷ ನಿನ್ನದು. ಅಮ್ಮ ಹೋದ ಮೇಲೆ ಮೂವರೂ ಒಟ್ಟಿಗೆ ಕೂರುವುದು ಅದೊಂದೇ ದಿನ. ಅದನ್ನೂ ಮೂರು ಸಾಲಿನಲ್ಲಿ ಮುಗಿಸಿಬಿಟ್ಟೆ.

ನಾನೂ ಸುಮ್ಮನಿರಲಿಲ್ಲ, ಒಪ್ಪುತ್ತೇನೆ. "ಅಮ್ಮ ಇದ್ದಾಗ ಈ ಶಾಸ್ತ್ರ ಎಲ್ಲಿತ್ತು?" ಎಂದು ಬರೆದೆ. ನೀನು ಗ್ರೂಪು ಬಿಟ್ಟೆ. ಆಮೇಲೆ ಫೋನೂ ಎತ್ತಲಿಲ್ಲ.

ನಿನ್ನೆ ಅನನ್ಯಾ ಫೋನ್ ಮಾಡಿದ್ದಳು. ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ನಿನ್ನ ಮಗಳು ಕನ್ನಡದಲ್ಲಿ ಶುರುಮಾಡಿದಾಗಲೇ ಏನೋ ಆಗಿದೆ ಎಂದುಕೊಂಡೆ. "ಚಿಕ್ಕಮ್ಮಾ, ಅಮ್ಮಂಗೆ ನೈಫ್ ಹಿಡಿಯೋಕೇ ಆಗ್ತಿಲ್ಲ. ಫಿಂಗರ್ಸ್ ಎಲ್ಲಾ ಊದ್ಕೊಂಡಿದೆ. ಲಾಸ್ಟ್ ವೀಕ್ ಕೊಬ್ಬರಿ ಕಟ್ ಮಾಡೋಕೆ ಟ್ರೈ ಮಾಡಿ ಅತ್ಬಿಟ್ಳು. ನಾನು ಹೇಳ್ದೆ ಅಂತ ಹೇಳ್ಬೇಡಿ, ಪ್ಲೀಸ್." ಹೇಳಿಬಿಟ್ಟಿದ್ದೇನೆ. ಅವಳನ್ನು ಬೈಯಬೇಡ.

ಕೊಬ್ಬರಿ ಯಾವತ್ತೂ ನಿನ್ನ ಪಾಲಿನ ಕೆಲಸ. ಸಿಪ್ಪೆ ಹೆರೆದು, ಎಲ್ಲ ಚೂರೂ ಒಂದೇ ಅಳತೆಗೆ ಬರುವಂತೆ ಹೆಚ್ಚುತ್ತಿದ್ದೆ. ಅಣ್ಣನ ಮನೆಯ ಸರದಿಯಲ್ಲಿ ಅವನು ಅಲ್ಲಿನ ಸನ್ನಿಬ್ಯಾಂಕ್ ಬಡಾವಣೆಯ ಅಂಗಡಿಯಿಂದ ರೆಡಿ ಎಳ್ಳಿನ ಪ್ಯಾಕೆಟ್ ತಂದಾಗ ಏನಂದೆ, ನೆನಪಿದೆಯಾ? "ಇದನ್ನ ಬೀರೋ ಬದ್ಲು ಬಾಗಿಲು ಹಾಕ್ಕೊಂಡು ಕೂತ್ಕೋ." ಈಗ ನೀನೇ ಬಾಗಿಲು ಹಾಕಿಕೊಂಡು ಕೂತಿದ್ದೀಯ.

ಬೆರಳು ನೋಯುತ್ತಿದೆ ಎನ್ನಲು ನಾಚಿಕೆ, ಶಾಸ್ತ್ರದ ಹೆಸರಲ್ಲಿ ಸುಳ್ಳು ಹೇಳಲು ಮಾತ್ರ ನಾಚಿಕೆಯಿಲ್ಲ. ಅಮ್ಮನೂ ಹೀಗೇ, ಎದೆನೋವನ್ನು ಗ್ಯಾಸ್ ಗ್ಯಾಸ್ ಎನ್ನುತ್ತಲೇ ಹೋಗಿಬಿಟ್ಟಳು. ನನಗೆ ಹೆದರಿಕೆಯಾಗಿದೆ ಅಕ್ಕಾ. ಹೆದರಿದಾಗ ನಾನು ಬೈಯುತ್ತೇನೆ, ನಿನಗೆ ಗೊತ್ತು.

ಟಿಕೆಟ್ ರದ್ದು ಮಾಡಿಲ್ಲ. ಮುಂದಿನ ಶನಿವಾರ ಬರುತ್ತೇನೆ, ಅಣ್ಣನನ್ನೂ ಹೊರಡಿಸಿದ್ದೇನೆ. ಕೊಬ್ಬರಿ ನಾನೇ ಹೆಚ್ಚುತ್ತೇನೆ. ಒಂದು ಚೂರು ಎಳ್ಳಿನಷ್ಟು, ಇನ್ನೊಂದು ಹುಣಸೆಬೀಜದಷ್ಟು ಆದೀತು. ನೀನು ಎದುರಿಗೆ ಕೂತು ಬೈಯುತ್ತಿರು. ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತಾಡು ಎಂದು ಊರಿಗೆಲ್ಲ ಹೇಳುತ್ತೇವೆ. ಈ ಸಲ ನನಗೆ ಒಳ್ಳೆಯ ಮಾತು ಬೇಡ. ಎಲ್ಲಿ ನೋಯುತ್ತಿದೆ ಎಂದು ಹೇಳು, ಸಾಕು.

ಅಲ್ಲಿಯವರೆಗೆ ಕೈಗೆ ಬಿಸಿನೀರಿನ ಶಾಖ ಕೊಟ್ಟುಕೋ. ಅಮ್ಮನ ಆಶೀರ್ವಾದ ನಿನ್ನ ಹತ್ತು ಬೆರಳುಗಳ ಮೇಲೂ ಇರಲಿ. ಬಾಗಿಲು ತೆಗೆದಿರು.

ಪ್ರೀತಿಯ,
ಪ್ರೇರಣಾ