ಗೋಡೆಗೂ ಹೊಟ್ಟೆ ಬಂದಿದೆ

ಪ್ರೇಮಕ್ಕನಿಗೆ, ತಮ್ಮ ಶಿವಕುಮಾರನ ಶರಣು.

ಕ್ಷೇಮದ ಮಾತು ಬರೆಯಲು ಕೈ ಬರುತ್ತಿಲ್ಲ. ಚನ್ನರಾಯಪಟ್ಟಣದ ಪೇಂಟಿಂಗ್ ಕೆಲಸ ಅರ್ಧಕ್ಕೇ ಬಿಟ್ಟು ಬಸ್ಸು ಹತ್ತಿದ್ದೇನೆ. ಹೊಳೆನರಸೀಪುರದಲ್ಲಿ ಇಳಿದು ಅರಕಲಗೂಡಿನ ಬಸ್ಸು ಹಿಡಿಯಬೇಕು. ಅಕ್ಷರ ಕುಣಿಯುತ್ತಿವೆ, ಹೇಗೋ ಓದಿಕೋ. ಮನೆಗೆ ಬಂದವನೇ ಯಾರನ್ನೂ ಕೇಳದೆ ನಿನ್ನ ಮಗಳು ತೇಜಶ್ರೀಯನ್ನೂ ಅವಳ ಕೂಸನ್ನೂ ಹಿಂದಿನ ಕೋಣೆಯಿಂದ ಅಂಗಳಕ್ಕೆ ಕರೆತರುತ್ತೇನೆ. ಒಂದೂವರೆ ತಿಂಗಳ ಬಾಣಂತಿಯನ್ನು ಗಾಳಿಗೆ ತಂದನಲ್ಲ ಎಂದು ನೀನು ಬೈಯುತ್ತೀಯ. ಆಗ ಈ ಕಾಗದ ಕೊಡುತ್ತೇನೆ. ನಿನ್ನ ಮುಖ ನೋಡಿಕೊಂಡು ಇದನ್ನೆಲ್ಲ ಹೇಳುವ ಧೈರ್ಯ ನನಗಿಲ್ಲ.

ಬೆಳಗ್ಗೆ ನೀನು ಫೋನಿನಲ್ಲಿ ನಕ್ಕಿದ್ದು ಇನ್ನೂ ಕಿವಿಯಲ್ಲಿದೆ. "ಲೇ ಶಿವು, ನೀನು ಬಣ್ಣ ಬಳ್ದೋದ ಗ್ವಾಡೆಗೂ ಹೊಟ್ಟೆ ಬಂದದೆ ಕಣ್ಲಾ! ಬಾಣಂತಿ ಮನೇಲಿ ಇದೊಂದು ಬಾಕಿ ಇತ್ತು" ಎಂದೆ. ಬಣ್ಣ ಉಬ್ಬಿದೆ ಅಂದುಕೊಂಡಿದ್ದೀಯ. ನಮ್ಮ ಕೆಲಸದವರು ಆ ಮಾತಿಗೆ ನಗುವುದಿಲ್ಲ. ಗೋಡೆಗೆ ಹೊಟ್ಟೆ ಬಂತು ಎಂದರೆ ಒಳಗಿನ ಇಟ್ಟಿಗೆ ಜಾರುತ್ತಿದೆ, ಗೋಡೆ ಬೀಳಲು ಹೊರಟಿದೆ ಎಂದು ಅರ್ಥ. ನಾನು ಬಾಯಿ ತೆರೆಯುವಷ್ಟರಲ್ಲಿ ನೀನು ಫೋನು ಇಟ್ಟುಬಿಟ್ಟೆ. ಅಲ್ಲಿಂದಾಚೆಗೆ ಸ್ವಿಚ್ ಆಫ್. ಭಾವ ಶುಂಠಿ ಹೊಲದಲ್ಲಿದ್ದಾರೆ, ಅಲ್ಲಿ ಸಿಗ್ನಲ್ ಇಲ್ಲ. ಬಾಣಂತಿ ಕಣ್ಣಿಗೆ ಕೆಟ್ಟದ್ದೆಂದು ತೇಜುವಿನ ಫೋನನ್ನು ಬೀರುವಿಗೆ ಸೇರಿಸಿದವಳೂ ನೀನೇ.

ಈಗ ನನ್ನ ತಪ್ಪು ಕೇಳು. ನಾಮಕರಣಕ್ಕೆ ಬೀಗರು ಬರುತ್ತಾರೆ, ಹಿಂದುಗಡೆಯ ಬರಿ ಇಟ್ಟಿಗೆ ಗೋಡೆಗೆ ಬಣ್ಣ ಆಗಬೇಕು ಎಂದು ಹದಿನೈದು ದಿನದ ಹಿಂದೆ ಕರೆಸಿದೆಯಲ್ಲ? ತಂತಿ ಬ್ರಷ್ಷಿನಲ್ಲಿ ಉಜ್ಜಿದರೆ ಹಿಟ್ಟಿನಂತೆ ಬಿಳಿ ಉಪ್ಪು ಉದುರಿತು. ತೊಳೆದೆ, ಎರಡು ದಿನಕ್ಕೆ ಮತ್ತೆ ಎದ್ದಿತು. ಹಾಲಿನ ಕವರನ್ನು ಕತ್ತರಿಸಿ, ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿದೆ. ಗೋಡೆ ಒಣಗಿದ್ದರೆ ಮರುದಿನವೂ ಕವರು ಒಣಗಿಯೇ ಇರುತ್ತದೆ. ಇದರೊಳಗೆ ಸಾಲಾಗಿ ಹನಿ ಕೂತಿತ್ತು. ಬುಡದ ಇಟ್ಟಿಗೆಗೆ ಸ್ಕ್ರೂಡ್ರೈವರ್ ಒತ್ತಿದೆ. ಹಿಡಿಯವರೆಗೂ ಹೋಯಿತು.

ಅದೇ ಹೊತ್ತಿಗೆ, ತೇಜುವಿಗೆ ನೀರು ಹಾಕುವ ಬೆಟ್ಟಮ್ಮ ಬಚ್ಚಲಿನಿಂದ ಹೊರಗೆ ಬಂದಳು. "ಹಂಡೆಗಟ್ಲೆ ಉಯ್ತೀನಿ ಕಣಪ್ಪ, ಮೋರಿಗೆ ಒಂದ್ ಚೊಂಬೂ ಬತ್ತಿಲ್ಲ. ಎಲ್ಲೋಯ್ತದೋ ನೀರು?" ಎಂದಳು. ನನಗೆ ಗೊತ್ತಾಗಿತ್ತು. ಬಚ್ಚಲಿನ ಪೈಪು ಒಡೆದು, ಆ ನೀರೆಲ್ಲ ಮಣ್ಣಲ್ಲಿ ಕಟ್ಟಿದ ಗೋಡೆಯ ಬುಡಕ್ಕೇ ಇಳಿಯುತ್ತಿತ್ತು. "ನಂಗೇನ್ ಗೊತ್ತು ಬೆಟ್ಟಮ್ಮ" ಎಂದುಬಿಟ್ಟೆ.

ನಿನಗೆ ಹೇಳಲು ಬಂದದ್ದು ನಿಜ. ನೀನು ಅಡುಗೆಮನೆಯಿಂದಲೇ, "ನೆಪ ಹೇಳ್ಬ್ಯಾಡ ಕಣ್ಲಾ, ಬೀಗ್ರು ಬರೋ ಒತ್ಗೆ ಬರಿ ಇಟ್ಗೆ ಕಾಣ್ಬಾರ್ದು" ಎಂದೆ. ನಿನ್ನ ತಲೆಗೆ ಕಟ್ಟುತ್ತಿಲ್ಲ ಅಕ್ಕ. ಚನ್ನರಾಯಪಟ್ಟಣದವರು ಅವಸರ ಮಾಡುತ್ತಿದ್ದರು, ನನಗೂ ಹೊರಟರೆ ಸಾಕಾಗಿತ್ತು. ತೂತಿಗೆ ಪುಟ್ಟಿ ಮೆತ್ತಿ, ಹಸಿ ಇಟ್ಟಿಗೆಯ ಮೇಲೇ ನೀರು ತಡೆಯುವ ಬಣ್ಣ ಎರಡು ಕೋಟು ಹೊಡೆದೆ. ಹೊರಗೆ ಆರಿಹೋಗುತ್ತಿದ್ದ ಅಷ್ಟಿಷ್ಟು ತೇವವನ್ನೂ ಒಳಗೇ ಕೂಡಿಹಾಕಿದೆ. ಹೊರಡುವಾಗ "ಗ್ವಾಡೆ ಗಟ್ಟಿಯಾಯ್ತೇನ್ಲಾ?" ಎಂದು ನೀನು ಕೇಳಿದೆ. "ನೂರು ವರ್ಷ ಚಿಂತೆ ಇಲ್ಲ" ಎಂದೆ ನಾನು. ಒಳಗೆ ತೇಜು ಆ ಗೋಡೆಗೇ ಒರಗಿ ಕೂಸಿಗೆ ಹಾಲು ಕುಡಿಸುತ್ತಿದ್ದಳು.

ಹೊಳೆನರಸೀಪುರ ಬಂತು. ಅರಕಲಗೂಡಿನ ಬಸ್ಸಿನಲ್ಲಿ ಕೂತಿದ್ದೇನೆ, ಡ್ರೈವರ್ ಇನ್ನೂ ಟೀ ಕುಡಿಯುತ್ತಿದ್ದಾನೆ. ಗಂಟೆ ಹತ್ತೂವರೆ. ಬೆಟ್ಟಮ್ಮ ಹಂಡೆಗೆ ಉರಿ ಹಾಕಿರುತ್ತಾಳೆ. ಹನ್ನೊಂದೂವರೆಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ತಾಯಿ ಮಗು ಇಬ್ಬರನ್ನೂ ಆ ಗೋಡೆಯ ಮಗ್ಗುಲಲ್ಲೇ ಮಲಗಿಸುತ್ತಾಳೆ. ನಾನು ಬಾಗಿಲಿಗೆ ಬಂದಾಗ ನಿನ್ನ ಬೈಗುಳ ಕೇಳಿಸಲಿ ಅಕ್ಕ. ಬೇರೆ ಯಾವ ಸದ್ದೂ ಬೇಡ.

ಕೂಸಿಗೆ ನೂರು ವರ್ಷ ಎಂದು ಹರಸಲು ನನಗೆ ಬಾಯಿಲ್ಲ. ಆ ನೂರನ್ನು ಗೋಡೆಗೆ ಹೇಳಿ ಬಂದಿದ್ದೇನೆ. ಇವತ್ತಿನ ನೀರು ಹಾಕುವ ಹೊತ್ತು ದಾಟಲಿ. ಅಷ್ಟೇ ನನ್ನ ಹಾರೈಕೆ.

ನಿನ್ನ ತಮ್ಮ,
ಶಿವು